ನಡುದಾರಿಯ ಎಂಟು ತಾಸು

ವಿಮಾನದಲ್ಲಿ ಹೋಗುವುದೆಂದರೆ ಹಾರುವುದು ಎಂದು ನೆಲದ ಮೇಲಿರುವ ನಾವು ತಿಳಿದುಕೊಂಡಿರುತ್ತೇವೆ. ಹೋಗಿ ಬಂದವರನ್ನು ಕೇಳಿ ನೋಡಿರಿ. ಹಾರಿದ ಸುದ್ದಿಯನ್ನು ಎರಡು ಮಾತಿನಲ್ಲಿ ಮುಗಿಸಿ, ಕಾದ ಸುದ್ದಿಯನ್ನು ಅರ್ಧ ತಾಸು ಹೇಳುತ್ತಾರೆ. ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹತ್ತುವ ನಡುವಿನ ಆರು, ಎಂಟು, ಕೆಲವೊಮ್ಮೆ ಹನ್ನೆರಡು ತಾಸುಗಳ ಬಿಡುವಿಗೆ ಇಂಗ್ಲಿಷಿನಲ್ಲಿ ಲೇಓವರ್ ಎನ್ನುತ್ತಾರೆ. ಪದ ಹೊಸದು, ಸಂಗತಿ ಹೊಸದಲ್ಲ. ದಾರಿಹೋಕನಿಗೆ ನೀರು ಕೊಡುವ ಅರವಟ್ಟಿಗೆಯನ್ನು ನಮ್ಮ ಶಾಸನಗಳೇ ಹೇಳುತ್ತವೆ. ಛತ್ರ, ಧರ್ಮಶಾಲೆ, ಮುಸಾಫಿರಖಾನೆಗಳೆಲ್ಲ ಈ ನಡುವಿನ ಹೊತ್ತಿಗಾಗಿಯೇ ಹುಟ್ಟಿದವು. ಗದಗ–ಹೊಟಗಿ ದಾರಿ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ವಿಜಾಪುರದ ಕಡೆಯಿಂದ ಮುಂಬಯಿಗೆ ಹೊರಟವರು ನಡುವೆ ಇಳಿದು, ದೊಡ್ಡ ಹಳಿಯ ಗಾಡಿ ಬರುವ ತನಕ ಟ್ರಂಕಿನ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದುದು ನಡುವಯಸ್ಸು ದಾಟಿದ ಓದುಗರಿಗೆ ನೆನಪಿರಬೇಕು.

ಈಗ ಅದೇ ಕಡೆಯ ಜನ ದೋಹಾದಲ್ಲಿ, ದುಬೈಯಲ್ಲಿ, ಫ್ರಾಂಕ್‌ಫರ್ಟಿನಲ್ಲಿ ಕಾಯುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಪೇಟೆಗಳಿಂದ ಹಿಡಿದು ಭೀಮಾ ದಂಡೆಯ ಅಗರಖೇಡದಂಥ ಊರಿನ ತನಕ, ಮಕ್ಕಳು ಓದಿ ಬೆಂಗಳೂರು ಪುಣೆಗಳನ್ನು ಸೇರುವುದು, ಅಲ್ಲಿಂದ ಹೊರದೇಶಕ್ಕೆ ಹೋಗುವುದು ಇಂದು ಯಾರೂ ಬೆರಗಾಗುವ ಮಾತಲ್ಲ. ಅವರ ಹಿಂದೆ ಬಾಣಂತನಕ್ಕೆಂದು ಅವ್ವ, ಜೊತೆಗೆಂದು ಅಪ್ಪ ಹೊರಡುತ್ತಾರೆ. ಈ ಲೇಖನ ಮುಖ್ಯವಾಗಿ ಅಂಥ ಹಿರಿಯರಿಗೂ, ಅವರನ್ನು ಕಳಿಸಿಕೊಡುವ ಮನೆಯವರಿಗೂ ಬರೆದದ್ದು.

ನಡುವೆ ಇಳಿಯಲೇಬೇಕೇ ಎಂದು ಕೇಳಬಹುದು. ಮೊದಲು ಇಳಿಯುತ್ತಿದ್ದುದು ಎಣ್ಣೆಗಾಗಿ. 1948ರ ಜೂನ್ 8ರಂದು ಏರ್ ಇಂಡಿಯಾದ ಮೊದಲ ಲಂಡನ್ ವಿಮಾನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಹೊರಟಾಗ ಕೈರೋದಲ್ಲಿ ಒಮ್ಮೆ, ಜಿನೀವಾದಲ್ಲಿ ಒಮ್ಮೆ ಇಳಿದೇ ಮುಂದೆ ಹೋಯಿತು. ಈಗಿನ ವಿಮಾನಗಳಿಗೆ ಆ ತಾಪತ್ರಯವಿಲ್ಲ. ಈಗ ಇಳಿಯುವುದು ವ್ಯಾಪಾರದ ಲೆಕ್ಕಕ್ಕಾಗಿ. ವಾರದ ಸಂತೆಗೆ ಸುತ್ತಲಿನ ಹಳ್ಳಿಗಳಿಂದ ಬಂಡಿಗಳು ಒಂದೇ ಹೊತ್ತಿಗೆ ಬಂದು ಸೇರಿ, ಕೊಡುಕೊಳ್ಳುವಿಕೆ ಮುಗಿಸಿ, ಒಂದೇ ಹೊತ್ತಿಗೆ ಚದುರುವುದಿಲ್ಲವೇ? ದೊಡ್ಡ ನಿಲ್ದಾಣವೂ ಹಾಗೆಯೇ. ಭಾರತದ ಹತ್ತು ಊರುಗಳಿಂದ ಬಂದ ವಿಮಾನಗಳು ಜನರನ್ನು ಅಲ್ಲಿ ಇಳಿಸುತ್ತವೆ. ಅದೇ ಜನ ಬೇರೆ ಬೇರೆ ಗುಂಪುಗಳಾಗಿ ಯುರೋಪಿನ, ಆಫ್ರಿಕಾದ, ಅಮೆರಿಕದ ವಿಮಾನಗಳನ್ನು ಹತ್ತುತ್ತಾರೆ. ಬೆಂಗಳೂರಿನಿಂದ ಅಮೆರಿಕದ ಪ್ರತಿಯೊಂದು ಊರಿಗೂ ನೇರ ವಿಮಾನ ಬಿಟ್ಟರೆ ಅರ್ಧ ಕುರ್ಚಿಗಳು ಖಾಲಿ ಹೋದಾವು. ನಡುವೆ ಒಂದು ಸಂತೆ ಕೂಡಿಸಿದರೆ ಎಲ್ಲ ಕುರ್ಚಿಗಳೂ ತುಂಬುತ್ತವೆ. ನಿಮ್ಮ ಬಂಡಿ ಹೊರಡುವ ಹೊತ್ತು ಸರಿಯಾಗಿ ಹೊಂದಿದರೆ ಎರಡು ತಾಸು ಕಾಯುತ್ತೀರಿ, ಹೊಂದದಿದ್ದರೆ ಹತ್ತು ತಾಸು. ಟಿಕೇಟು ಅಗ್ಗವಾದಷ್ಟೂ ಈ ಹೊತ್ತು ಬೆಳೆಯುವುದುಂಟು. ನಾಲ್ಕು ಸಾವಿರ ರೂಪಾಯಿ ಉಳಿಯಿತೆಂದು ಎಪ್ಪತ್ತರ ತಂದೆತಾಯಿಗಳಿಗೆ ಹದಿನಾಲ್ಕು ತಾಸಿನ ಕಾಯುವಿಕೆ ಕೊಳ್ಳುವ ಮಕ್ಕಳು ಇನ್ನೊಮ್ಮೆ ವಿಚಾರ ಮಾಡುವುದು ಒಳ್ಳೆಯದು.

ನನ್ನ ಪರಿಚಯದ ಒಬ್ಬ ನಿವೃತ್ತ ಶಿಕ್ಷಕರೂ ಅವರ ಹೆಂಡತಿಯೂ ಮಗಳ ಮನೆಗೆ ಹೋಗುವಾಗ ಕೊಲ್ಲಿಯ ಒಂದು ನಿಲ್ದಾಣದಲ್ಲಿ ಒಂಬತ್ತು ತಾಸು ಕಳೆದರು. ಒಂಬತ್ತೂ ತಾಸು ಒಂದೇ ಜಾಗ. “ಎದ್ದು ಹೋದ್ರ ಖುರ್ಚಿ ಹೋಗ್ತದ ಅಂತ ಕುಂತಿವಿರಿ ಸರ್” ಎಂದು ಆ ತಾಯಿ ಆಮೇಲೆ ಹೇಳಿದರು. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ತಪಾಸಣೆಯವರು ತೆಗೆದುಕೊಂಡಿದ್ದರು. ಅಂಗಡಿಯಲ್ಲಿ ಬೆಲೆ ಕೇಳಿ ರೂಪಾಯಿಗೆ ಲೆಕ್ಕ ಹಾಕಿದ ಮೇಲೆ ಕೊಳ್ಳಲು ಮನಸ್ಸು ಬರಲಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವ ಹೊತ್ತು ಊರಿನ ಗಡಿಯಾರದ್ದೋ ಅಲ್ಲಿಯದೋ ತಿಳಿಯಲಿಲ್ಲ. ಎರಡನೆಯ ವಿಮಾನದಲ್ಲಿ ತಲೆ ತಿರುಗಿ, ಮಗಳ ಮನೆ ಮುಟ್ಟಿದ ಮೇಲೆ ಎರಡು ದಿನ ಹಾಸಿಗೆ ಹಿಡಿದರು. ಅವರು ಕುಳಿತಿದ್ದ ಜಾಗದಿಂದ ಐವತ್ತು ಹೆಜ್ಜೆಯ ಮೇಲೆ, ಶೌಚಾಲಯದ ಪಕ್ಕದಲ್ಲಿ, ಕುಡಿಯುವ ನೀರಿನ ನಲ್ಲಿ ಇತ್ತು. ಹಣ ಕೊಡಬೇಕಾದುದಿಲ್ಲ.

ಇಂಥ ಸುಶಿಕ್ಷಿತರೂ ಹೀಗೆ ಕುಳಿತದ್ದೇಕೆ? ಅಂಜಿಕೆಯಿಂದ, ಮತ್ತು ಕಿವಿಯನ್ನು ನಂಬಿದ್ದರಿಂದ. ಬಸ್ ನಿಲ್ದಾಣದಲ್ಲಿ ಕಂಡಕ್ಟರು ಕೂಗುತ್ತಾನೆ, ರೈಲು ನಿಲ್ದಾಣದಲ್ಲಿ ಧ್ವನಿವರ್ಧಕ ಹೇಳುತ್ತದೆ. ಎಲ್ಲಿದ್ದರೂ ಕರೆ ಬಂದೀತು ಎಂಬ ಭರವಸೆ ನಮಗೆ ರೂಢಿಯಾಗಿದೆ. ಬಾನುಲಿಯ ಮನೆಗಳಲ್ಲಿ ಬೆಳೆದ ನಮಗಂತೂ ಕಿವಿಯೇ ಗುರು. ಆದರೆ ಮುಂಬಯಿ, ದುಬೈಗಳಂಥ ನಿಲ್ದಾಣಗಳು ಈಗ ಮೌನ ನಿಲ್ದಾಣಗಳು. ಗದ್ದಲ ಕಡಿಮೆಯಾಗಲೆಂದು ಪ್ರತಿಯೊಂದು ವಿಮಾನವನ್ನೂ ಕೂಗಿ ಹೇಳುವ ಪದ್ಧತಿಯನ್ನು ಬಿಟ್ಟಿದ್ದಾರೆ. ಅಲ್ಲಿ ಕರೆಗಾಗಿ ಕಾಯುತ್ತ ಕುಳಿತವನ ಎದುರಿಗೇ ವಿಮಾನ ಹೊರಟುಹೋಗಬಹುದು. ಅಲ್ಲಿ ನಂಬಬೇಕಾದದ್ದು ಕಣ್ಣನ್ನು: ಗೋಡೆಗೋಡೆಗೂ ತೂಗುಹಾಕಿದ ಫಲಕಗಳನ್ನು.

ಆದುದರಿಂದ ವಿಮಾನದಿಂದ ಇಳಿದ ಕೂಡಲೆ ಮಾಡಬೇಕಾದ ಕೆಲಸ ಒಂದಿದೆ. ಅದನ್ನು ಮಾಡಿ ಮುಗಿಸಿದವನು ಉಳಿದ ಹೊತ್ತಿಗೆಲ್ಲ ಒಡೆಯ. ಮೊದಲು ಗಡಿಯಾರ. ದೋಹಾ ನಮಗಿಂತ ಎರಡೂವರೆ ತಾಸು ಹಿಂದೆ, ದುಬೈ ಒಂದೂವರೆ ತಾಸು ಹಿಂದೆ. ಸಿಂಗಪುರ ಎರಡೂವರೆ ತಾಸು ಮುಂದೆ. ಫ್ರಾಂಕ್‌ಫರ್ಟ್ ಚಳಿಗಾಲದಲ್ಲಿ ನಾಲ್ಕೂವರೆ, ಬೇಸಿಗೆಯಲ್ಲಿ ಮೂರೂವರೆ ತಾಸು ಹಿಂದೆ. ಟಿಕೇಟಿನ ಮೇಲೆ ಇರುವುದು ಯಾವಾಗಲೂ ಆಯಾ ಊರಿನ ವೇಳೆ. ಕೈಗಡಿಯಾರವನ್ನು ಅಲ್ಲಿಯ ವೇಳೆಗೆ ತಿರುಗಿಸಿಕೊಳ್ಳಿ. ಗುಳಿಗೆಯ ಹೊತ್ತುಗಳನ್ನು ಮಾತ್ರ ಊರಿನ ವೈದ್ಯರಿಂದ ಮೊದಲೇ ಕೇಳಿ ಚೀಟಿಯಲ್ಲಿ ಬರೆಸಿಕೊಂಡಿರಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲೇ, ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳಬೇಕು.

ಎರಡನೆಯದು ದಾರಿ. ಇಳಿದ ಜನ ಎರಡಾಗಿ ಒಡೆಯುತ್ತಾರೆ. ಆ ಊರಿಗೇ ಬಂದವರು ‘ಅರೈವಲ್ಸ್’ ಎಂದು ಬರೆದ ಕಡೆಗೆ, ಮುಂದಕ್ಕೆ ಹೋಗುವವರು ‘ಟ್ರಾನ್ಸ್‌ಫರ್’ ಎಂದು ಬರೆದ ಕಡೆಗೆ. ಗುಂಪಿನ ಹಿಂದೆ ಹೋಗಬೇಡಿ, ಬರಹದ ಹಿಂದೆ ಹೋಗಿ. ಅಲ್ಲಿ ಇನ್ನೊಮ್ಮೆ ತಪಾಸಣೆ ಇರುತ್ತದೆ. ಆಮೇಲೆ ಫಲಕದಲ್ಲಿ ನಿಮ್ಮ ವಿಮಾನದ ಸಂಖ್ಯೆ ಹುಡುಕಿ ಅದರ ಎದುರಿಗೆ ಬರೆದ ದ್ವಾರದ ಸಂಖ್ಯೆಯನ್ನು ನೋಡಿಕೊಳ್ಳಿ. ಎಷ್ಟೋ ಸಲ ಅದು ಹೊರಡುವ ಒಂದೆರಡು ತಾಸು ಮೊದಲಷ್ಟೇ ಕಾಣಿಸುತ್ತದೆ. ಕಾಣಿಸಿದ ಮೇಲೆ ಬದಲಾಗುವುದೂ ಉಂಟು. ತಾಸಿಗೊಮ್ಮೆ ನೋಡುವ ನೇಮ ಇಟ್ಟುಕೊಳ್ಳಿ. ದ್ವಾರ ತಿಳಿದಿದ್ದರೆ ಒಮ್ಮೆ ಅಲ್ಲಿಯ ತನಕ ನಡೆದು ಹೋಗಿ ಎಷ್ಟು ನಿಮಿಷ ಹಿಡಿಯಿತೆಂದು ಲೆಕ್ಕ ಹಾಕಿ, ಮರಳಿ ಬನ್ನಿ. ಕುರ್ಚಿ ಎಲ್ಲಿಯೂ ಹೋಗುವುದಿಲ್ಲ. ನಿಮ್ಮ ಜಾಗ ಗೊತ್ತಾಗಿರುವುದು ವಿಮಾನದಲ್ಲಿ, ಹೊರಗಿನ ಬೆಂಚಿನಲ್ಲಿ ಅಲ್ಲ. ವಿಮಾನ ಹೊರಡುವ ವೇಳೆಗಿಂತ ಮೊದಲೇ ದ್ವಾರ ಮುಚ್ಚುತ್ತದೆ ಎಂಬುದನ್ನು ಮರೆಯದೆ, ಒಂದು ತಾಸು ಮೊದಲು ಅಲ್ಲಿದ್ದರೆ ಸಾಕು.

ಭಾಷೆಯ ಅಂಜಿಕೆ ದೊಡ್ಡದು, ಆದರೆ ವಿಜಾಪುರದವರಿಗೆ ಅಷ್ಟೇನೂ ಬೇಡ. ಕೊಲ್ಲಿಯ ನಿಲ್ದಾಣಗಳಲ್ಲಿ ನೆಲ ಒರೆಸುವವರು, ಗಾಲಿಕುರ್ಚಿ ತಳ್ಳುವವರು, ಚಹಾ ಮಾರುವವರು ಬಹುಪಾಲು ನಮ್ಮ ದೇಶದವರೋ ನೇಪಾಳ, ಪಾಕಿಸ್ತಾನ, ಬಂಗ್ಲಾದೇಶದವರೋ ಆಗಿರುತ್ತಾರೆ. ಆದಿಲಶಾಹಿಯ ಕಾಲದಿಂದ ನಮ್ಮ ಪೇಟೆಗಳಲ್ಲಿ ಉಳಿದು ಬಂದ ದಖನಿ ಮಾತು ಅಲ್ಲಿ ಸಲೀಸಾಗಿ ನಡೆಯುತ್ತದೆ. ಅದೂ ಬಾರದಿದ್ದರೆ, ವಿಮಾನದ ಸಂಖ್ಯೆ, ಹೋಗುವ ಊರು, ಮಕ್ಕಳ ದೂರವಾಣಿ ಇಷ್ಟನ್ನು ದೊಡ್ಡ ಅಕ್ಷರದ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಸಮವಸ್ತ್ರದವರಿಗೆ ತೋರಿಸಿದರೆ ತೀರಿತು. ಗಾಲಿಕುರ್ಚಿಯ ಸಹಾಯವನ್ನು ಟಿಕೇಟು ತೆಗೆಸುವಾಗಲೇ ಕೇಳಿಕೊಳ್ಳಬಹುದು. ವಿಮಾನ ಕಂಪನಿಗಳು ಅದಕ್ಕೆ ಹಣ ಕೇಳುವುದು ವಿರಳ. ನಡೆಯಲು ಬಾರದವರಿಗೆ ಅದು ವರವೇ ಸರಿ. ಕಾಲು ಗಟ್ಟಿಯಿದ್ದೂ ದಾರಿ ತಪ್ಪೀತೆಂಬ ಅಂಜಿಕೆಗೆ ಅದರಲ್ಲಿ ಕುಳಿತವರನ್ನು ಮಾತ್ರ ತಾಸುಗಟ್ಟಲೆ ಒಂದು ಮೂಲೆಯಲ್ಲಿ ನಿಲ್ಲಿಸಿಬಿಡುತ್ತಾರೆ. ದೀರ್ಘವಾಗಿ ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೆಂದು ವೈದ್ಯರು ಎಚ್ಚರಿಸುತ್ತಾರೆ. ಹಿಂದೆ ಹತ್ತು ತಾಸಿನ ಹಾರಾಟ, ಮುಂದೆ ಹತ್ತು ತಾಸಿನ ಹಾರಾಟ ಇರುವಾಗ ನಡುವಿನ ಹೊತ್ತು ಇರುವುದೇ ಕಾಲು ಆಡಿಸಲಿಕ್ಕೆ. ತಾಸಿಗೊಮ್ಮೆ ಎದ್ದು ಐದು ನಿಮಿಷ ಅಡ್ಡಾಡಿ. ಖಾಲಿ ಸ್ಟೀಲ್ ಬಾಟಲಿ ಒಯ್ದರೆ ಯಾರೂ ತಡೆಯುವುದಿಲ್ಲ. ತಪಾಸಣೆ ದಾಟಿದ ಮೇಲೆ ನಲ್ಲಿಯಲ್ಲಿ ತುಂಬಿಕೊಳ್ಳಿ.

ಬುತ್ತಿಯ ಮಾತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣ ಅವಲಕ್ಕಿ ಇವುಗಳಂಥ ಪ್ರಯಾಣದ ತಿನಿಸು ಜಗತ್ತಿನಲ್ಲಿ ಇನ್ನೊಂದಿಲ್ಲ, ಮತ್ತು ಇವು ತಪಾಸಣೆಗೆ ಅಡ್ಡಿಯಲ್ಲ. ಮೊಸರು, ತುಪ್ಪ, ಎಣ್ಣೆ ತೇಲುವ ಉಪ್ಪಿನಕಾಯಿ ಇವೆಲ್ಲ ಅವರ ಲೆಕ್ಕದಲ್ಲಿ ದ್ರವ. ಕೈಚೀಲದಲ್ಲಿ ನೂರು ಮಿಲಿಲೀಟರು ಮೀರುವಂತಿಲ್ಲ. ಎಲೆಅಡಿಕೆಯ ಸಂಚಿಯಲ್ಲಿರುವ ಅಡಕೊತ್ತನ್ನು ಆಯುಧವೆಂದು ತೆಗೆದುಕೊಳ್ಳುತ್ತಾರೆ. ಇವೆಲ್ಲಕ್ಕಿಂತ ದೊಡ್ಡ ಮಾತು ಗಸಗಸೆ. ದುಬೈ, ಅಬುಧಾಬಿಗಳಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ ಪದಾರ್ಥ, ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ. ಲಾಡಿನ ಮೇಲೆ ಉದುರಿಸಿದ್ದೂ, ಮಸಾಲೆ ಪುಡಿಯಲ್ಲಿ ಬೆರೆತದ್ದೂ ಅಪಾಯವೇ. ಬಾಣಂತಿಗೆಂದು ಪ್ರೀತಿಯಿಂದ ಕಟ್ಟಿದ ಗಂಟು ಪೊಲೀಸರ ಮುಂದೆ ಬಿಚ್ಚುವಂತಾಗಬಾರದು. ಆ ದಾರಿಯಲ್ಲಿ ಹೋಗುವವರು ಅದನ್ನು ದೊಡ್ಡ ಪೆಟ್ಟಿಗೆಯಲ್ಲಿಯೂ ಇಡಬಾರದು.

ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ಸೂಚನೆ. ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಪ್ರವೇಶ ತಪಾಸಣೆಯ ಕಚೇರಿಯೇ ಇದೆ. ಅಲ್ಲಿ ಕೇಳಬೇಕಾದುದನ್ನೆಲ್ಲ ಕೇಳಿ ಮುಗಿಸುವುದರಿಂದ, ಅಮೆರಿಕದಲ್ಲಿ ಇಳಿದಾಗ ನೇರವಾಗಿ ಹೊರಗೆ ನಡೆಯಬಹುದು. ಆ ಸಾಲು ಉದ್ದವಾಗಿರುವುದರಿಂದ ಅಲ್ಲಿಯ ಮೂರು ತಾಸನ್ನು ಬಿಡುವೆಂದು ಎಣಿಸಬಾರದು.

ಇಷ್ಟೆಲ್ಲ ಸರಿಹೋದ ಮೇಲೂ ತಾಸುಗಳು ಉಳಿಯುತ್ತವೆ. ಅವನ್ನು ಕಳೆಯಲು ಆಯಾ ನಿಲ್ದಾಣದವರು ಏನೇನೋ ಮಾಡಿಟ್ಟಿದ್ದಾರೆ. ಅಂಗಡಿಗಳೇ ಹೆಚ್ಚೆಂಬುದು ನಿಜ. ನೋಡಲು ಹಣ ಬೇಡ, ಮುಟ್ಟಿದರೆ ಬೇಕು. ದೋಹಾದ ಹಮದ್ ನಿಲ್ದಾಣ 2014ರಲ್ಲಿ ತೆರೆಯಿತು. ಅದರ ನಡುಮನೆಯಲ್ಲಿ ಉರ್ಸ್ ಫಿಶರ್ ಎಂಬ ಸ್ವಿಸ್ ಕಲಾವಿದನು ಮಾಡಿದ ಏಳು ಮೀಟರು ಎತ್ತರದ ಹಳದಿ ಕರಡಿ ಕುಳಿತಿದೆ, ತಲೆಯೊಳಗಿಂದ ದೀಪ ಹೊರಟಿದೆ. ನೋಡಿದರೆ ಬಟ್ಟೆಯ ಬೊಂಬೆ, ಮುಟ್ಟಿದರೆ ಕಂಚು. ಅದರ ಸೌಂದರ್ಯದ ವಿಷಯ ನಾನೇನೂ ಹೇಳಲಾರೆ. ಆದರೆ ಗಂಡಹೆಂಡತಿ ಬೇರೆ ಬೇರೆ ಅಡ್ಡಾಡಲು ಹೊರಟರೆ ‘ಕರಡಿಯ ಹತ್ತಿರ ಸೇರೋಣ’ ಎನ್ನಲು ಅದಕ್ಕಿಂತ ಒಳ್ಳೆಯ ಗುರುತು ಇಲ್ಲ. 2022ರಲ್ಲಿ ಅಲ್ಲಿ ಗಾಜಿನ ಮಾಡಿನ ಕೆಳಗೆ ಗಿಡಮರಗಳ ತೋಟವನ್ನೂ ಎಬ್ಬಿಸಿದರು. ಮಲಗಲು ದೀಪ ತಗ್ಗಿಸಿದ ನಿಶ್ಶಬ್ದ ಕೋಣೆಗಳೂ ಉಂಟು.

ಸಿಂಗಪುರದ ಚಾಂಗಿ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ: ಚಿಟ್ಟೆಗಳ ತೋಟ, ಬಿಟ್ಟಿ ಸಿನೆಮಾ, ಮತ್ತು 2019ರಲ್ಲಿ ತೆರೆದ ‘ಜ್ಯೂಯೆಲ್’ ಎಂಬ ಕಟ್ಟಡದೊಳಗೆ ನಲವತ್ತು ಮೀಟರು ಎತ್ತರದಿಂದ ಬೀಳುವ ನೀರು. ಈ ಜಲಪಾತ ಇರುವುದು ದೇಶದ ಪ್ರವೇಶ ತಪಾಸಣೆಯ ಆಚೆ. ಹತ್ತಿರ ಹೋಗಿ ನಿಲ್ಲಲು ಸಿಂಗಪುರದೊಳಗೆ ಕಾಲಿಡುವ ಅನುಮತಿ ಬೇಕು. ಐದೂವರೆ ತಾಸಿಗಿಂತ ಹೆಚ್ಚು ಕಾಯುವವರನ್ನು ನಿಲ್ದಾಣದವರು ಬಸ್ಸಿನಲ್ಲಿ ಊರು ತೋರಿಸಿ ತರುವ ಉಚಿತ ವ್ಯವಸ್ಥೆಗೂ ಅದೇ ಅನುಮತಿ ಬೇಕು. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣದಲ್ಲಿ ದೇಶದ ದೊಡ್ಡ ಚಿತ್ರಸಂಗ್ರಹಾಲಯವು 2002ರಲ್ಲಿ ತನ್ನ ಒಂದು ಶಾಖೆಯನ್ನೇ ತೆರೆಯಿತು. ಆ ನಿಲ್ದಾಣದ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಹತ್ತೊಂಬತ್ತನೆಯ ಶತಮಾನದ ನಡುವೆ ನೀರೆತ್ತಿ ಬತ್ತಿಸಿದ ಸರೋವರದ ತಳ ಅದು.

ನಿಲ್ದಾಣದ ಹೊರಗೆ ಹೋಗಿ ಊರು ನೋಡುವ ಆಸೆ ಸಹಜ. ಆದರೆ ವೀಸಾದ ನಿಯಮ ದೇಶಕ್ಕೊಂದು, ಮತ್ತು ಅವು ಬದಲಾಗುತ್ತಲೇ ಇರುತ್ತವೆ. ಕೆಲವು ದೇಶಗಳು ಹೊರಗೆ ಹೆಜ್ಜೆಯಿಡದೆ ಒಳಗೇ ಕುಳಿತು ಮುಂದೆ ಹೋಗುವವರಿಂದಲೂ ಅನುಮತಿ ಕೇಳುವುದುಂಟು. ಟಿಕೇಟು ಕೊಳ್ಳುವ ಮೊದಲೇ ವಿಮಾನ ಕಂಪನಿಯವರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು. ಹೋಗುವ ಅನುಮತಿ ಇದ್ದರೂ, ಕಾಯುವ ಹೊತ್ತು ಎಂಟು ತಾಸಿಗಿಂತ ಕಡಿಮೆಯಿದ್ದರೆ ನಾನಂತೂ ಹೋಗಲಾರೆ. ಹೊರಬರುವ ಸಾಲು, ಮರಳಿ ಒಳಬರುವ ಸಾಲು ಇವೇ ಮೂರು ತಾಸು ನುಂಗುತ್ತವೆ.

ಆದರೆ ಯಾವ ವೀಸಾ ಬೇಡದ, ಎಲ್ಲಕ್ಕಿಂತ ಉದ್ದವಾದ ಒಂದು ಕಾಯುವಿಕೆ ನಮ್ಮವರಿಗೆ ಬೆಂಗಳೂರಿನಲ್ಲಿಯೇ ಇದೆ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಂಡಿ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿದವರಾಗಲಿ, ರಾತ್ರಿಯ ಬಸ್ಸಿಗೆ ಹೊರಟವರಾಗಲಿ ಬೆಳಿಗ್ಗೆ ಬೆಂಗಳೂರು ಮುಟ್ಟುತ್ತಾರೆ. ಹೊರದೇಶದ ವಿಮಾನಗಳಲ್ಲಿ ಹಲವು ಹೊರಡುವುದು ನಡುರಾತ್ರಿ ಕಳೆದ ಮೇಲೆ. ನಡುವೆ ಹದಿನಾರು ತಾಸು! ಇಲ್ಲಿ ಇನ್ನೊಂದು ಎಚ್ಚರ: ರಾತ್ರಿ ಎರಡು ಗಂಟೆಯ ವಿಮಾನಕ್ಕೆ ಟಿಕೇಟಿನಲ್ಲಿ ಮರುದಿನದ ತಾರೀಖು ಇರುತ್ತದೆ. ಹದಿನೈದನೆಯ ತಾರೀಖೆಂದು ಬರೆದಿದ್ದರೆ ಹದಿನಾಲ್ಕರ ಸಂಜೆಯೇ ನಿಲ್ದಾಣದಲ್ಲಿರಬೇಕು.

ಬೆಂಗಳೂರಿನಲ್ಲಿ ನೆಂಟರಿಲ್ಲದವರು ಈ ಹಗಲನ್ನು ದೇವನಹಳ್ಳಿಯಲ್ಲಿ ಕಳೆಯಬಹುದು. ನಿಲ್ದಾಣದಿಂದ ಹತ್ತು ಕಿಲೋಮೀಟರಿನೊಳಗೇ ಇರುವ ಈ ಊರಿನ ಕೋಟೆಯನ್ನು 1501ರಲ್ಲಿ ಮಣ್ಣಿನಿಂದ ಕಟ್ಟಿಸಿದವನು ಮಲ್ಲಬೈರೇಗೌಡ. ಮುಂದೆ ಅದನ್ನು ಕಲ್ಲಿನಲ್ಲಿ ಕಟ್ಟಿದರು. ಹೈದರನ ಹೆಸರು ಮೊದಲು ಎದ್ದುದು 1749ರ ಈ ಕೋಟೆಯ ಮುತ್ತಿಗೆಯಲ್ಲಿ. ಅವನ ಮಗ ಟೀಪು ಹುಟ್ಟಿದ್ದೂ ಈ ಊರಲ್ಲಿ. 1791ರಲ್ಲಿ ಕಾರ್ನ್‌ವಾಲಿಸನು ಇದನ್ನು ಹಿಡಿದನು. ಒಳಗೆ ವೇಣುಗೋಪಾಲಸ್ವಾಮಿಯ ಗುಡಿಯಿದೆ. ದೇವನಹಳ್ಳಿಯ ಚಕ್ಕೋತದ ಹಣ್ಣು ಹೆಸರಾದದ್ದು. ಕಾಲವಿದ್ದರೆ ಕೊಂಡು ಅಲ್ಲಿಯೇ ತಿಂದು ಮುಗಿಸಬೇಕು, ಹೊರದೇಶಕ್ಕೆ ಹಣ್ಣು ಒಯ್ಯುವುದು ತಾಪತ್ರಯ. ಕಾಲೂ ಹೊತ್ತೂ ಇನ್ನೂ ಉಳಿದಿದ್ದರೆ ನಂದಿ ಬೆಟ್ಟದ ಬುಡದಲ್ಲಿ ಒಂಬತ್ತನೆಯ ಶತಮಾನದಷ್ಟು ಹಳೆಯದಾದ ಭೋಗನಂದೀಶ್ವರ ದೇವಾಲಯವಿದೆ. ಪೆಟ್ಟಿಗೆಗಳನ್ನು ಎಲ್ಲಿಡುವುದೆಂದು ಮಾತ್ರ ಮೊದಲೇ ಗೊತ್ತುಮಾಡಿಕೊಂಡಿರಿ.

2008ರ ಮೇ 24ರಂದು ತೆರೆದ ಬೆಂಗಳೂರಿನ ಈ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಟ್ಟದ್ದು 2013ರಲ್ಲಿ. ಹೊರಗೆ ನಿಂತಿರುವ 108 ಅಡಿಯ ಕೆಂಪೇಗೌಡರ ಕಂಚಿನ ಪ್ರತಿಮೆ ಶಿಲ್ಪಿ ರಾಮ್ ಸುತಾರರದು. 2022ರ ನವೆಂಬರ್ 11ರಂದು ಅನಾವರಣಗೊಂಡಿತು. ಹೊರದೇಶದ ವಿಮಾನಗಳೆಲ್ಲ 2023ರ ಸೆಪ್ಟೆಂಬರಿನಲ್ಲಿ ಎರಡನೆಯ ಟರ್ಮಿನಲ್‌ಗೆ ಬಂದವು. ಒಳಗೆ ಹೋದೊಡನೆ ತಲೆಯೆತ್ತಿ ನೋಡಿರಿ: ಮಾಡೆಲ್ಲ ಬಿದಿರು, ಬಿದಿರಿನಿಂದ ಇಳಿಬಿಟ್ಟ ಹಸಿರು ಗಿಡಗಳು. ಅಲ್ಲಿಯ ಚಿತ್ರ–ಶಿಲ್ಪಗಳನ್ನು ಭರತನ ನಾಟ್ಯಶಾಸ್ತ್ರದ ನವರಸಗಳನ್ನು ಸೂತ್ರವಾಗಿಟ್ಟುಕೊಂಡು ಜೋಡಿಸಿದ್ದಾರೆ. ‘ನೌರಸ’ ಎಂದೇ ಅದಕ್ಕೆ ಹೆಸರು. ವಿಜಾಪುರದವರು ಈ ಶಬ್ದವನ್ನು ಕಂಡು ಸುಮ್ಮನೆ ಮುಂದೆ ಹೋಗಲಾಗದು. ಎರಡನೆಯ ಇಬ್ರಾಹಿಂ ಆದಿಲಶಾಹನು ದಖನಿಯಲ್ಲಿ ಹಾಡುಗಳನ್ನು ಕಟ್ಟಿ ಅದಕ್ಕೆ ‘ಕಿತಾಬ್–ಎ–ನೌರಸ್’ ಎಂದು ಹೆಸರಿಟ್ಟನು; ವಿಜಾಪುರದ ಪಡುವಲಿಗೆ ನೌರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟಿಸತೊಡಗಿದನು. ತೊರವಿಯ ಕಡೆ ಹೋದವರು ಅದರ ಅವಶೇಷಗಳನ್ನು ಕಂಡಿರುತ್ತಾರೆ. ಅದೇ ಶಬ್ದವನ್ನು ಈಗ ದೇವನಹಳ್ಳಿಯ ಬಯಲಲ್ಲಿ ವಿಮಾನಕ್ಕೆ ಕಾಯುತ್ತ ಕಾಣಬಹುದು.

ಓದುವ ಅಭ್ಯಾಸವಿದ್ದವರು ಒಂದೇ ಪುಸ್ತಕ ಒಯ್ಯುವುದಾದರೆ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಒಯ್ಯಲಿ, ಇಲ್ಲವೇ ಎ. ಎನ್. ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಇಬ್ಬರೂ ಇಳಿವಯಸ್ಸಿನಲ್ಲಿಯೇ ಆ ದೇಶ ನೋಡಿದವರು.

ಕಣ್ಣು ದಣಿದ ಮೇಲೆ ಕಿವಿಗೂ ಒಂದು ಪಾಲು ಇರಲಿ. ದೊಡ್ಡ ನಿಲ್ದಾಣಗಳಲ್ಲಿ ವೈಫೈ ಉಚಿತ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಎಂಬ ಆಪ್ ಅನ್ನು ಹೊರಡುವ ಮೊದಲೇ ಮಕ್ಕಳಿಂದ ಮೊಬೈಲಿಗೆ ಹಾಕಿಸಿಕೊಂಡಿದ್ದರೆ ಆಕಾಶವಾಣಿಯ ಕನ್ನಡ ಪ್ರಸಾರ ಅಲ್ಲಿಯೂ ಸಿಗುತ್ತದೆ. ಚಾರ್ಜು ಮಾಡಲು ಪಿನ್ನಿನ ಅಡಾಪ್ಟರ್ ಬೇಕು: ದೋಹಾ, ದುಬೈ, ಸಿಂಗಪುರಗಳಲ್ಲಿ ಚಪ್ಪಟೆಯ ಮೂರು ಹಲ್ಲು, ಯುರೋಪಿನಲ್ಲಿ ದುಂಡನೆಯ ಎರಡು, ಅಮೆರಿಕದಲ್ಲಿ ಚಪ್ಪಟೆಯ ಎರಡು. ಊರಿನಲ್ಲಿ ಬೆಳಗಿನ ಏಳು ಗಂಟೆಯಾದಾಗ ದೋಹಾದಲ್ಲಿ ನಸುಕಿನ ನಾಲ್ಕೂವರೆ. ಕಿವಿಗೆ ಇಟ್ಟುಕೊಳ್ಳುವ ತಂತಿಯನ್ನು ಮರೆಯದೆ ಒಯ್ಯಿರಿ. ಪಕ್ಕದ ಕುರ್ಚಿಯವನು ಆಗತಾನೆ ನಿದ್ದೆ ಹತ್ತಿದವನಾಗಿರುತ್ತಾನೆ.